ಮ್ಯೂಟ್ ಒತ್ತಿದ ಬೆರಳು

ಗದ್ದಲದ ತರಗತಿ ನಡೆಸುವವಳು ಎಂಬ ಹೆಸರು ನನಗಿದೆ. ಅದು ನಾನೇ ದುಡಿದು ಗಳಿಸಿದ ಹೆಸರು, ಯಾರೂ ದಾನ ಕೊಟ್ಟದ್ದಲ್ಲ. ಮೊದಲು ನಾನೂ ಎಲ್ಲರ ಹಾಗೇ ಇದ್ದೆ. 'ಕೈ ಕಟ್ಟು, ಬಾಯಿ ಮುಚ್ಚು' ಅಂದರೆ ಸಾಕು, ಮೂವತ್ತು ಮಕ್ಕಳು ಕೈ ಕಟ್ಟಿ, ಬಾಯಿ ಮುಚ್ಚಿ ಕೂಡುತ್ತಿದ್ದರು. ಹೆಡ್‌ಮಾಸ್ತರರು ಬಾಗಿಲ ಮುಂದೆ ಹಾಯುವಾಗ, "ಅಗದಿ ಛಲೋ ಕಂಟ್ರೋಲ್ ಐತ್ರಿ ನಿಮ್ದು" ಅನ್ನುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊರೊನಾ ವರ್ಷದಲ್ಲಿ ಶಾಲೆ ಮುಚ್ಚಿತು, ಪಾಠ ಫೋನಿಗೆ ಬಂತು. ನಾನು ಹುಬ್ಬಳ್ಳಿಯ ನಮ್ಮ ಮನೆಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ, ಎದುರಿಗೆ ಫೋನು ನಿಲ್ಲಿಸಿ ಆರನೇ ತರಗತಿಗೆ ಗಣಿತ ಕಲಿಸುತ್ತಿದ್ದೆ. ನಮ್ಮ ಶಾಲೆ ಇರುವುದು ನವಲಗುಂದ ಕಡೆಯ ಎರೆಭೂಮಿಯ ಊರಿನಲ್ಲಿ. ಅಲ್ಲಿ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಿರುತ್ತವೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಮಾಳಿಗೆ ಹತ್ತಿದರೆ ಉಂಟು. ಹೀಗಾಗಿ ಅಪ್ಪನದೋ ಕಾಕಾನದೋ ಫೋನು ಹಿಡಿದು ಮಕ್ಕಳೆಲ್ಲ ಮಾಳಿಗೆಯ ಮೇಲೆ ಸಾಲಾಗಿ ಕೂಡುತ್ತಿದ್ದರು. ಅವರ ಹಿಂದೆ ಅಜ್ಜಂದಿರು, ಅಮ್ಮಂದಿರು. ಅವರಿಗೂ ಆಗ ಬೇರೆ ಮೋಜು ಏನಿತ್ತು?

ಒಂದು ದಿನ ಹೊಲದ ಅಳತೆ ಕಲಿಸುತ್ತಿದ್ದೆ. ಎಕರೆಗೆ ನಲವತ್ತು ಗುಂಟೆ ಎಂದು ಬರೆದು, 2.5 ಎಕರೆಗೆ ಎಷ್ಟು ಗುಂಟೆ ಎಂದು ಕೇಳಿದೆ. ಅವರು ಉತ್ತರ ಹೇಳುವ ಮೊದಲೇ ನಾನೇ ಬರೆದೆ, ಎಂಬತ್ತೈದು. ಎರಡು ಎಕರೆಗೆ ಎಂಬತ್ತು, ಮೇಲೆ ಐದು. ಪೇಟೆಯಲ್ಲಿ ಬೆಳೆದವಳು, ಹೊಲದ ಬದುವನ್ನೂ ಸರಿಯಾಗಿ ತುಳಿಯದವಳು ಮಾಡುವ ತಪ್ಪು ಇದು.

"ಟೀಚರ್ರಿ, ನೂರ ಗುಂಟಿ ಆಗ್ತೈತ್ರಿ. ಅರ್ಧಾ ಎಕರೆ ಅಂದ್ರ ಇಪ್ಪತ್ತ ಗುಂಟಿರೀ, ಐದಲ್ರಿ."

ಹೇಳಿದವಳು ಒಬ್ಬ ಹುಡುಗಿ. ಅವಳ ಮನೆಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ತಾಯಿ ಮಂದಿಯ ಹೊಲದಲ್ಲಿ ಕಳೆ-ಕಸ ತೆಗೆದು ಸಂಸಾರ ನಡೆಸುವವಳು. ಹಿಂದಿನಿಂದ ಯಾವನೋ ಅಜ್ಜ, "ಅಕ್ಕಾರು ಹದಿನೈದು ಗುಂಟಿ ಹೊಲಾ ನುಂಗಿಬಿಟ್ರಲ್ಲೋ!" ಎಂದ. ಮಾಳಿಗೆಯ ಸಾಲೆಲ್ಲ ಗೊಳ್ಳೆಂದಿತು. ನನ್ನ ಕಿವಿ ಬಿಸಿಯಾದವು. ಹೆಡ್‌ಮಾಸ್ತರರೂ ಆ ಹೊತ್ತು ತಮ್ಮ ಫೋನಿನಿಂದ ತರಗತಿಯೊಳಗೆ ಬಂದು ಕೇಳುತ್ತಿದ್ದರು.

ನಾನು ಆ ಹುಡುಗಿಯ ಮೈಕು ಮ್ಯೂಟ್ ಮಾಡಿದೆ.

ಅವಳ ದನಿ ನಿಲ್ಲಲಿಲ್ಲ! ಬಾಜು ಮಾಳಿಗೆಯ ಹುಡುಗನ ಫೋನಿನಿಂದ ಬಂತು. ಅವನನ್ನೂ ಮ್ಯೂಟ್ ಮಾಡಿದೆ. ಆಚೆಯ ಮಾಳಿಗೆಯಿಂದ ಬಂತು. ಅವಳು ತನ್ನ ಮಾಳಿಗೆಯ ಮೇಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, ನಾನು ಕಲಿಸಬೇಕಾಗಿದ್ದನ್ನು ಬಿಡಿಸಿ ಹೇಳುತ್ತಿದ್ದಳು. ಕಡೆಗೆ ಎಲ್ಲರ ಬಾಯಿಯನ್ನೂ ಒಂದೇ ಸಲಕ್ಕೆ ಮುಚ್ಚುವ ಗುಂಡಿ ಒತ್ತಿದೆ. ಆಮೇಲೆ ಇಪ್ಪತ್ತು ನಿಮಿಷ ನನ್ನ ದನಿಯನ್ನು ನಾನೇ ಕೇಳಿಕೊಳ್ಳುತ್ತ ಪಾಠ ಮುಗಿಸಿದೆ. ಸಂಜೆ ಶಿಕ್ಷಕರ ಗುಂಪಿನಲ್ಲಿ ಹೆಡ್‌ಮಾಸ್ತರರು ಬರೆದರು, 'ಶಿಸ್ತು ಅಂದರೆ ಹೀಗಿರಬೇಕು.'

ಮರುದಿನದಿಂದ ಹುಡುಗಿ ಫೋನಿಗೆ ಬರಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಶಾಲೆ ತೆರೆದಾಗ ಅವಳು ಏಳನೇ ತರಗತಿಗೆ ಬಂದು ಕೊನೆಯ ಸಾಲಿನಲ್ಲಿ ಕೂತಳು. ಏನು ಕೇಳಿದರೂ ಒಂದೇ ಉತ್ತರ, "ಬರೂದಿಲ್ರಿ." ಒಂದು ಸಂಜೆ ಹುಬ್ಬಳ್ಳಿಯ ಬಸ್ಸು ಬಿಟ್ಟು ಅವಳ ಮನೆಗೆ ಹೋದೆ. ತಾಯಿ ಆಗಷ್ಟೇ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು.

"ಬರ್ರಿ ಅಕ್ಕಾರ, ಕುಂದರ್ರಿ. ಹುಡುಗಿ ತಾನ ಹೇಳ್ತಾಳ್ರಿ, ನಾ ದಡ್ಡಿ ಅಂತ. ಏಳನೇತ್ತಾ ಮುಗೀಲಿ, ನನ್ನ ಕೂಡ ಕಸಾ ತಗ್ಯಾಕ ಕರಕೊಂಡ ಹೋಗ್ತೀನಿ."

"ಅಕಿ ದಡ್ಡಿ ಅಲ್ರಿ. ಅಗದಿ ಶ್ಯಾಣ್ಯಾಕಿ ಇದ್ದಾಳ."

"ಮತ್ತ ಅವತ್ತ ಬಾಯಿ ಯಾಕ ಮುಚ್ಚಿಸಿದ್ರಿ? ಮಾಳಿಗಿ ಮ್ಯಾಲೆ ನಾನೂ ಇದ್ದೆಲ್ರಿ."

ಅವಳು ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಮರುದಿನ ತರಗತಿಯ ಮುಂದೆ ನಿಂತು ಹೇಳಿದೆ, "ಗುಂಟೆಯ ಲೆಕ್ಕದಲ್ಲಿ ತಪ್ಪಿದ್ದು ನಾನು. ತಿದ್ದಿದವಳ ಬಾಯಿ ಮುಚ್ಚಿಸಿದ್ದೂ ನಾನು. ಇನ್ನು ಮೇಲೆ ನನ್ನ ತಪ್ಪು ಕಂಡವರು ಕೈ ಎತ್ತುವುದೂ ಬೇಡ, ಕೂತಲ್ಲಿಂದಲೇ ಹೇಳಿ. ಆದರೆ ಬೋರ್ಡಿಗೆ ಬಂದು ಸರಿ ಯಾವುದೆಂದು ತೋರಿಸಬೇಕು. ಸುಮ್ಮನೆ ಕೂಗಿದವರು ಅವತ್ತು ಬೋರ್ಡು ಒರೆಸಬೇಕು." ನನ್ನ ತರಗತಿ ನಿರ್ವಹಣೆ ಎಂಬುದು ಇವತ್ತಿಗೂ ಇಷ್ಟೇ.

ಗದ್ದಲ ಎದ್ದಿತು, ಸುಳ್ಳು ಹೇಳುವುದಿಲ್ಲ. ಮೊದಲ ವಾರ ಸುಮ್ಮಸುಮ್ಮನೆ ಕೂಗಿದವರೆಲ್ಲ ಬೋರ್ಡು ಒರೆಸಿ ಒರೆಸಿ ಸುಸ್ತಾದರು. ಆಮೇಲೆ ಯೋಚಿಸಿ ಬಾಯಿ ಬಿಡತೊಡಗಿದರು. ಹೆಡ್‌ಮಾಸ್ತರರು ಬಂದು, "ಸಾಲ್ಯೋ ಸಂತಿಯೋ ಇದು?" ಎಂದರು.

"ಸಂತ್ಯಾಗ ಯಾರೂ ಲೆಕ್ಕಾ ತಪ್ಪೂದಿಲ್ರಿ ಸರ್" ಎಂದೆ.

ಆ ಮಾತಿಗೆ ಶಿಕ್ಷೆಯಾಗಿ ನನ್ನ ಹೆಸರು 'ಪರಿಣಾಮಕಾರಿ ತರಗತಿ ನಿರ್ವಹಣೆ' ಎಂಬ ಆನ್‌ಲೈನ್ ತರಬೇತಿಗೆ ಹೋಯಿತು. ಮೂರು ತಾಸು ನಮ್ಮೆಲ್ಲರ ಮೈಕು ಬಂದ್. ಮಕ್ಕಳು ಭಾಗವಹಿಸುವಂತೆ ಮಾಡುವುದು ಹೇಗೆಂದು ಒಬ್ಬರೇ ಮಾತಾಡಿದರು. ಕೊನೆಗೆ ಪ್ರಶ್ನೆ ಕೇಳಬಹುದು ಎಂದಾಗ ನಾನು ಕೇಳಿದೆ, "ಶಿಕ್ಷಕರೇ ತಪ್ಪು ಮಾಡಿ, ಮಕ್ಕಳು ಅದನ್ನು ಹಿಡಿದರೆ ಏನು ಮಾಡಬೇಕು?" ನನ್ನ ಮೈಕು ಮತ್ತೆ ಬಂದ್ ಆಯಿತು. ಒಬ್ಬಳೇ ಕೂತು ಬಿದ್ದು ಬಿದ್ದು ನಕ್ಕೆ. ನಗು ನಿಂತ ಮೇಲೆ ನಾನು ಮ್ಯೂಟ್ ಮಾಡಿದ ಹುಡುಗಿ ನೆನಪಾದಳು. ನನಗೆ ಐವತ್ತರ ಹತ್ತಿರ ವಯಸ್ಸು, ಅವಳಿಗೆ ಆಗ ಹನ್ನೊಂದು.

ಇಷ್ಟೆಲ್ಲ ಆದರೂ ಅವಳು ಮಾತ್ರ ಬಾಯಿ ಬಿಡಲಿಲ್ಲ. ಅವಳಿಗಾಗಿ ನಾನು ಬೇಕೆಂದೇ ತಪ್ಪು ಬರೆಯುತ್ತಿದ್ದೆ. ಉಳಿದವರು ಹಿಡಿಯುತ್ತಿದ್ದರು. ಒಮ್ಮೆ ಅವಳು ಬಾಜು ಕೂತವಳಿಗೆ ಪಿಸುಗುಟ್ಟಿದ್ದು ಕೇಳಿಸಿತು, "ಬೇಕಂತ ಬರೀತಾರ ಬಿಡಲೇ." ಅವಳಿಗೆ ನಾಟಕ ಬೇಕಿರಲಿಲ್ಲ. ಪರೀಕ್ಷೆ ಹತ್ತಿರ ಬಂತು. ಇನ್ನೆರಡು ತಿಂಗಳಿಗೆ ಅವಳು ತಾಯಿಯ ಹಿಂದೆ ಹೊಲಕ್ಕೆ.

ಆಗ ಒಂದು ದಿನ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಹಿಂದಿನ ಕುರ್ಚಿಯಲ್ಲಿ ಅವರು, ಪಕ್ಕದಲ್ಲಿ ಹೆಡ್‌ಮಾಸ್ತರರು. ಅರವತ್ತು ಮೀಟರ್ ಉದ್ದ, ನಲವತ್ತು ಮೀಟರ್ ಅಗಲದ ಹೊಲಕ್ಕೆ ಒಂದು ಸುತ್ತು ತಂತಿ ಬೇಲಿ ಹಾಕಲು ಎಷ್ಟು ಮೀಟರ್ ತಂತಿ ಬೇಕು ಎಂಬ ಲೆಕ್ಕ. ಹೆದರಿಕೆಯಲ್ಲಿ ಉದ್ದ ಅಗಲ ಗುಣಿಸಿ, ಎರಡು ಸಾವಿರದ ನಾಲ್ಕುನೂರು ಎಂದು ಬರೆದೆ. ಇದು ಬೇಕೆಂದು ಮಾಡಿದ ತಪ್ಪಲ್ಲ. ದೇವರಾಣೆಗೂ ಅಲ್ಲ.

"ಟೀಚರ್ರಿ, ತಂತಿ ಹೊಲದ ಸುತ್ತ ಕಟ್ತಾರ್ರಿ. ಹೊಲದಾಗ ಹಾಸೂದಿಲ್ರಿ."

ಕೊನೆಯ ಸಾಲಿನಲ್ಲಿ ಅವಳು ಎದ್ದು ನಿಂತಿದ್ದಳು. ತರಗತಿ ಗೊಳ್ಳೆಂದಿತು. ನನಗೆ ಸಿಟ್ಟು ಬಂತು, ಹೌದು, ಬಂತು. ಇಷ್ಟು ವರ್ಷದ ಚಾಳಿ ಅಷ್ಟು ಬೇಗ ಬಿಡುವುದಿಲ್ಲ. ಬೆರಳು ಬಾಗಿಲ ಕಡೆ ತೋರಿಸಲು ಎದ್ದಿತ್ತು. ಆ ಬೆರಳಲ್ಲೇ ಸೀಮೆಸುಣ್ಣ ಹಿಡಿದು ಅವಳ ಕಡೆ ಚಾಚಿದೆ. ಅವಳು ಬಂದಳು, ಹೊಲದ ಚಿತ್ರ ಬರೆದಳು, ನಾಲ್ಕೂ ಬದಿ ಕೂಡಿಸಿ ಇನ್ನೂರು ಎಂದು ಬರೆದು ಅಡಿಗೆರೆ ಹಾಕಿದಳು.

ಸಾಹೇಬರು ಕೇಳಿದರು, "ಏನ್ರಿ ಇದು, ಮಕ್ಕಳು ಹಿಂಗ ನಡುವ ಬಾಯಿ ಹಾಕೂದ?"

"ಹಾಕ್ಲಿಲ್ಲಂದ್ರ ಸುಮಾರು ಎರಡೂವರಿ ಕಿಲೋಮೀಟರ್ ತಂತಿ ತರಬೇಕಾಗ್ತಿತ್ರಿ ಸರ್."

ಅವರು ನಗಲಿಲ್ಲ. ತಪಾಸಣೆ ಪುಸ್ತಕದಲ್ಲಿ 'ತರಗತಿಯಲ್ಲಿ ಶಿಸ್ತಿನ ಕೊರತೆ ಇದೆ' ಎಂದು ಬರೆದು ಹೋದರು. ಹೆಡ್‌ಮಾಸ್ತರರು ನನ್ನಿಂದ ಲಿಖಿತ ವಿವರಣೆ ಕೇಳಿದರು. ಕೊಟ್ಟೆ. 'ನಾನು ತಪ್ಪು ಮಾಡಿದೆ, ವಿದ್ಯಾರ್ಥಿನಿ ತಿದ್ದಿದಳು. ಮುಂದೆಯೂ ತಿದ್ದುತ್ತಾಳೆ.' ಕೆಳಗೆ ಸಹಿ. ಆ ಕಾಗದ ಈಗಲೂ ನನ್ನ ಫೈಲಿನಲ್ಲಿದೆ, ಇರಲಿ.

ಜೂನ್ ತಿಂಗಳಲ್ಲಿ ಅವಳ ತಾಯಿ ಶಾಲೆಗೆ ಬಂದಳು. ಕೂಡ್ರಿ ಎಂದರೂ ಕೂಡಲಿಲ್ಲ.

"ಟಿ.ಸಿ. ಕೊಡ್ರಿ ಅಕ್ಕಾರ, ಹೈಸ್ಕೂಲಿಗೆ ಹಚ್ತೀನಿ. ಮನ್ಯಾಗ ನನಗ ಒಂದ ಮಾತ ಆಡಾಕ ಬಿಡವಲ್ಲಳು. ಎಲ್ಲಾದಕ್ಕೂ ತಪ್ಪಂತಾಳ. ಹೋಗ್ಲಿ, ಅಲ್ಲಿ ಮಾಸ್ತರ ಮಂದಿಗೂ ಇಕಿ ಬಾಯಿ ಗೊತ್ತಾಗ್ಲಿ."