ಎರಡನೇ ಮೂಗುದಾರ

ಗೆಳೆಯರೇ, ನನ್ನ ತಂಗಿ ಸುಧಾಳನ್ನು ನೋಡಲು ಇವತ್ತು ಬೆಳಿಗ್ಗೆ ಗಂಡಿನ ಕಡೆಯವರು ಬಾಣಾವರದ ನಮ್ಮ ಮನೆಗೆ ಬಂದಿದ್ದರು. ಉಪ್ಪಿಟ್ಟು ಮುಗಿಸಿದ ಗಂಡಿನ ಸೋದರಮಾವ ಮುಚ್ಚುಮರೆಯಿಲ್ಲದೆ ಹೇಳಿದರು: “ನಮ್ ಹುಡ್ಗ ಒಸಿ ಒರಟ, ಕೈ ಮುಂದು. ಒಂದು ಮೂಗುದಾರ ಬಿದ್ರೆ ಸರಿಹೋಯ್ತಾನೆ.”

ಹುಡುಗ ಹೊಗಳಿಸಿಕೊಂಡವನಂತೆ ನಕ್ಕ.

“ಮೊದ್ಲೊಂದು ಮದ್ವೆ ಆಗಿತ್ತಂತಲ್ಲ?” ಎಂದರು ಅಮ್ಮ.

“ಆಗಿತ್ತು ಕಣಮ್ಮ. ಆ ಹುಡ್ಗಿ ಗಟ್ಟಿ ಇರ್ಲಿಲ್ಲ. ತವರಿಗೆ ಹೋಗಿ ಕೂತ್ಲು.”

ಸುಧಾ ಕಾಫಿ ತಟ್ಟೆಯನ್ನು ಕೆಳಗಿಟ್ಟಳು. “ನಾವು ಸಂಕ್ರಾಂತಿಗೆ ಎತ್ತಿಗೆ ಹೊಸ ಮೂಗುದಾರ ಹಾಕ್ತೀವಿ ಯಜಮಾನ್ರೇ. ಹಳೇದು ಸವೆದಿರ್ತದೆ, ತಿಪ್ಪೆಗೆ ಎಸೀತೀವಿ. ಎತ್ತು ಮಾತ್ರ ಹಂಗೇ ಇರ್ತದೆ.”

ಅವರು ಕಾಫಿ ಮುಟ್ಟದೆ ಎದ್ದರು.

ಅವರನ್ನು ಬಸ್ ಹತ್ತಿಸಿ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಅಮ್ಮನ ಮೇಲೆ ಹರಿಹಾಯ್ದರು: “ನಿನ್ ಮಗಳ ಬಾಯಿಗೆ ಚಿಕ್ಕಂದಿನಲ್ಲೇ ಕುಕ್ಕೆ ಹಾಕ್ಬೇಕಾಗಿತ್ತು ಕಣೇ!”

ಅರಸೀಕೆರೆಯ ಸೈಬರ್ ಸೆಂಟರಿನಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಪೇಟೆಯಲ್ಲಿ ಬೆಳೆದವರಿಗೆ ಕುಕ್ಕೆ ಗೊತ್ತಿರಲಿಕ್ಕಿಲ್ಲ. ರಾಗಿ ಕಣದಲ್ಲಿ ದುಡಿಯುವ ಎತ್ತು ತೆನೆಗೆ ಬಾಯಿ ಹಾಕದಿರಲೆಂದು ಅದರ ಮೂತಿಗೆ ಕಟ್ಟುವ ಹಗ್ಗದ ಬಲೆ ಅದು.

ನಮ್ಮ ಅಪ್ಪ ಬಹಳ ಕರುಣೆಯ ಮನುಷ್ಯ. ಒಕ್ಕಣೆ ಮುಗಿದ ಸಂಜೆಯೇ ಎತ್ತುಗಳ ಕುಕ್ಕೆ ಬಿಚ್ಚಿಬಿಡುತ್ತಾರೆ.