ಓಲಗದ ತಾತನ ಮೋಹನ

ಮೊನ್ನೆ ಕೊರಟಗೆರೆಯಲ್ಲಿ ಪಾವಗಡದ ಬಸ್ಸು ಹತ್ತಿದೆ. ಯಾರೋ ನನ್ನ ಕಾಲ ಮೇಲೇ ಹುರುಳಿ ಚೀಲ ಇಟ್ಟರು. ಹೊಸ ಹುರುಳಿಯ ಒಣ ಮಣ್ಣಿನ ವಾಸನೆ. ಓಲಗದ ತಾತನ ಜೋಳಿಗೆಗೂ ಇದೇ ವಾಸನೆ ಇತ್ತು... ಆಮೇಲೆ ಸೀಟಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ.

ತಾತ ಪಾವಗಡ ಕಡೆಯ ಗಂಗೆತ್ತಿನವರು, ಕೋಲೆಬಸವ ಆಡಿಸುವವರು. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತು ಹಿಡಿದುಕೊಂಡು ಮಧುಗಿರಿಯ ನಮ್ಮ ಬೀದಿಗೆ ಬರುತ್ತಿದ್ದರು. ಬೇರೆಯವರ ಓಲಗದಲ್ಲಿ ಸಿನಿಮಾ ಹಾಡು ಬಂದರೆ ಇವರದರಲ್ಲಿ ಮೋಹನ ರಾಗದ ಕೀರ್ತನೆ. ಮದುವೆ ಛತ್ರಗಳ ಹೊರಗೆ ನಿಂತು, ಒಳಗಿನ ನಾದಸ್ವರ ಕೇಳಿ ಕಲಿತದ್ದು. ಒಳಗಿನವರು ಅದನ್ನು ಆದಿತಾಳಕ್ಕೆ ಕೂರಿಸಿದ್ದರೆ ತಾತ ಎತ್ತಿನ ಹೆಜ್ಜೆಗೆ ಕಟ್ಟಿದ್ದರು. ಎತ್ತು ಕತ್ತು ಕೊಡವಿದರೆ ಅದೇ ಸಾಲಿಗೆ ಅಲ್ಲೊಂದು ಹೊಸ ಸಂಗತಿ, ನೊಣಕ್ಕೆ ಬಾಲ ಬೀಸಿದರೆ ಇನ್ನೊಂದು.

ಅವರದೊಂದು ಕಟ್ಟಳೆ ಇತ್ತು. ಜೋಳಿಗೆಗೆ ಏನಾದರೂ ಬೀಳುವ ತನಕ ಊದುವುದನ್ನು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಆ ಮನೆಗೆ ಕೆಡುಕು ಬಯಸಿದಂತೆ. ನಮ್ಮಮ್ಮ ಇನ್ನಷ್ಟು ಕೇಳುವ ಆಸೆಗೆ ಮೊರ ಹಿಡಿದು ಬಾಗಿಲಲ್ಲೇ ನಿಧಾನ ಮಾಡುತ್ತಿದ್ದರು.

ನಾನಾಗ ಡಿಗ್ರಿ ಕಾಲೇಜಿಗೆ ಹೋಗುತ್ತಿದ್ದೆ, ಓದುತ್ತಿದ್ದೆ ಅನ್ನಲಾರೆ. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ನನ್ನದೇ ಮುರುಕು ಇಂಗ್ಲಿಷು, ಎಲ್ಲವನ್ನೂ ಅಣಕಿಸುತ್ತಿದ್ದೆ. ಮೂಗು ಹಿಡಿದು ತಾತನ ಓಲಗವನ್ನೂ. ಅದನ್ನು ಕೇಳಿದ ಸಂಗೀತದ ಮೇಷ್ಟ್ರು ನಗಲಿಲ್ಲ.

"ಅವರನ್ನೇ ಕರ್ಕೊಂಡು ಬಾರಯ್ಯ. ನಮ್ಮ ಸಂಗೀತೋತ್ಸವದಲ್ಲಿ ಊದಲಿ. ಸಮಿತಿಯವರಿಗೆ ಹಿಡಿಸಿದ್ರೆ ಪ್ರತಿ ವರ್ಷ ಕರೆಯೋಣ."

ವಿಷಯ ಹೇಳಿದಾಗ ತಾತ ಬಹಳ ಹೊತ್ತು ಎತ್ತಿನ ಬೆನ್ನು ಸವರಿದರು.

"ಕೂತ್ಕಂಡು ಊದಾದಾ?"

"ಹೂಂ ತಾತ. ಜಮಖಾನದ ಮ್ಯಾಲೆ. ಎದುರಿಗೆ ಮೈಕು."

"ಇಷ್ಟು ವರ್ಸ ಹೊರಗ್ ನಿಂತೇ ಊದ್ದೆ ಕಣ್ಲಾ. ಒಂದ್ ಕಿತ ಒಳಗೆ ಕೂತ್ರೆ ಸಾಕು."

ಕೂತರು. ಹತ್ತು ನಿಮಿಷ ಇಡೀ ಸಭೆ ಎತ್ತಿನಂತೆ ತಲೆಯಾಡಿಸಿತು. ಜನ ಚಪ್ಪಾಳೆ ತಟ್ಟಿದರು. ತಾತ ನಿಲ್ಲಿಸಲಿಲ್ಲ. ಮತ್ತೆ ತಟ್ಟಿದರು, ಆಗಲೂ ಇಲ್ಲ. ಮುಂದಿನ ಗಾಯಕರು ಗಡಿಯಾರ ನೋಡಿಕೊಂಡರು. ತಾತನ ಕೆನ್ನೆ ಸೋತಿತು, ಸ್ವರ ಸೀಳಿತು, ಕಣ್ಣು ಮಾತ್ರ ಒಂದೇ ಸಮ ಜನರ ಕೈಗಳನ್ನು ತಡಕುತ್ತಿತ್ತು. ಏನು ಹುಡುಕುತ್ತಿದ್ದಾರೆಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ದೀಪದ ಬುಡದಲ್ಲಿ ತಟ್ಟೆ ತುಂಬ ಅಕ್ಕಿ ಇತ್ತು. ಒಂದು ಹಿಡಿ ಸಾಕಿತ್ತು. ನಾನು ಹಿಂದಿನ ಸಾಲಿನಲ್ಲಿ ಕೆನ್ನೆ ಉಬ್ಬಿಸಿ, ಅದೇ ಕಣ್ಣು ಹೊರಳಿಸಿ, ಗೆಳೆಯರನ್ನು ನಗಿಸುತ್ತಿದ್ದೆ...

ಸಮಿತಿಯವರು ಮೈಕ್ ಆಫ್ ಮಾಡಿದರು. ಒಬ್ಬರು ತೋಳು ಹಿಡಿದು ಎಬ್ಬಿಸಿದರು. ಮೆಟ್ಟಿಲು ಇಳಿಯುವಾಗಲೂ ಓಲಗ ತಾತನ ಬಾಯಲ್ಲೇ ಇತ್ತು. ಮತ್ತೆ ಅವರು ನಮ್ಮ ಬೀದಿಗೆ ಬರಲಿಲ್ಲ.

ಮೊನ್ನೆ ಪಾವಗಡದಲ್ಲಿಳಿದು ಮಿಮಿಕ್ರಿ ಕಾರ್ಯಕ್ರಮಕ್ಕೆಂದು ವೈ.ಎನ್.ಹೊಸಕೋಟೆಗೆ ಹೋದಾಗ ಗಂಗೆತ್ತಿನವರೊಬ್ಬರು ಸಿಕ್ಕರು. ವಿಚಾರಿಸಿದರೆ ತಾತನ ಮಗ.

"ನಾಯ್ನ ಹೋಗಿ ಎಲ್ಡು ವರ್ಸ ಆತು ಸಾಮಿ."

ಆ ಕೀರ್ತನೆ ಊದುತ್ತಿದ್ದರೇ ಎಂದು ಕೇಳಿದೆ.

"ಅದೊಂದ್ನ ಮತ್ತೆ ಮುಟ್ಲೇ ಇಲ್ಲ. ಒಂದ್ ಮನೇಲಿ ಅರ್ಧಕ್ಕೆ ಬುಟ್ಟು ಬಂದ್ಬುಟ್ಟೆ, ಅವ್ರಿಗೆ ಏನಾತೋ ಏನೋ ಅಂತ ಕೊರಗೋರು. ಯಾವ್ ಮನೆ ಅಂತ ಹೇಳ್ಲಿಲ್ಲ. ನಿಮ್ಗೇನಾರ ಗೊತ್ತಾ?"

ಇಲ್ಲಣ್ಣ ಅಂದುಬಿಟ್ಟೆ.