ಪರೇಲಿನ ಅಯ್ಯಾವರ ಮಗಳ ಮದುವೆ

ವಿಜಯಪುರದ ಕಡೆಯಿಂದ ಕಾಯಿಲೆ ಹೊತ್ತು ಮುಂಬೈಗೆ ಬರುವವರ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಡಾಕ್ಟರ ಹೆಸರಲ್ಲ, ಚನ್ನಬಸಯ್ಯನ ಹೆಸರು. ಪರೇಲಿನ ದೊಡ್ಡ ಆಸ್ಪತ್ರೆಯ ಹತ್ತಿರದ ಚಾಳಿನಲ್ಲಿ ಅವನದೊಂದು ಖೋಲಿ. ಒಂದೇ ಕೋಣೆ, ಮೇಲೊಂದು ಅಟ್ಟ. ಗಂಡ, ಹೆಂಡತಿ ಕಾಶವ್ವ, ಮಗಳು ಮಾಧುರಿ ಮೂವರಿಗೇ ಇಕ್ಕಟ್ಟಾದ ಆ ಜಾಗದಲ್ಲಿ ವರ್ಷವಿಡೀ ಯಾರಾದರೊಬ್ಬ ರೋಗಿ, ಜೊತೆಗೆ ರೋಗಿಯ ಕಡೆಯವರು ಮಲಗಿರುತ್ತಿದ್ದರು. ಸಂಬಂಧ ಕೇಳಿದರೆ ಸೋದರತ್ತೆಯ ನಾದಿನಿಯ ಊರಿನವರು ಎಂದಾಗುತ್ತಿತ್ತು. ಅವನಿಗೆ ಅಷ್ಟೇ ಸಾಕು. ಬೈಕುಲ್ಲಾದ ಸಗಟು ಅಂಗಡಿಯಲ್ಲಿ ಒಣಮೆಣಸಿನಕಾಯಿ ತೂಗಿಸುವ ಕೆಲಸಕ್ಕೆ ಹೊರಡುವ ಮುಂಚೆ ಅವರನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸುತ್ತಿದ್ದ. ಕಾಶವ್ವ ಗಂಜಿ ಕಾಯಿಸಿ ಬುತ್ತಿ ಕಟ್ಟುತ್ತಿದ್ದಳು. ಆ ಕಡೆಯ ಹಳ್ಳಿಗಳಲ್ಲಿ ‘ಪರೇಲಿನ ಅಯ್ಯಾವ್ರು’ ಅಂದರೆ ಜನ ಕೂತಲ್ಲೇ ಕೈ ಮುಗಿಯುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು, ಬಿದ್ದದ್ದೇ ಮುಂದೆ ಮುಳುವಾಯಿತು.

ಮಾಧುರಿಗೆ ಕಾಂದಿವಲಿಯ ಸಂಬಂಧ ಕೂಡಿ ಬಂತು. ಹುಡುಗ ನವೀನ, ಧಾರವಾಡದ ಕಡೆಯ ಮನೆತನ, ಪಾತ್ರೆ ವ್ಯಾಪಾರ. ಹುಡುಗನ ತಾಯಿ ವರದಕ್ಷಿಣೆಯ ಮಾತನ್ನೇ ಎತ್ತಲಿಲ್ಲ. ನಮಗೇನೂ ಬೇಡ, ಮದುವೆಯೊಂದನ್ನು ಚಂದಾಗಿ ಮಾಡಿಕೊಡಿ ಅಂದರು. ಕೇಳಲಿಕ್ಕೆ ಹಗುರವಾದ ಮಾತು. ಆದರೆ ಈ ‘ಚಂದಾಗಿ’ ಎಂಬುದಕ್ಕೆ ತಳ ಇರಲಿಲ್ಲ. ಮೊದಲು ಎಸಿ ಹಾಲ್ ಬಂತು. ಅರಿಶಿನದ ಶಾಸ್ತ್ರಕ್ಕೆ ಬೇರೆ ಹಾಲ್, ಬೇರೆ ಬಣ್ಣದ ಬಟ್ಟೆ. ಮದುವೆಗೆ ಮುಂಚೆಯೇ ಹುಡುಗ ಹುಡುಗಿ ಲೋಣಾವಳಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳಬೇಕಂತೆ. ಊಟಕ್ಕೆ ಕೂತವರ ತಲೆಯ ಮೇಲೆ ಹಾರಾಡುವ ಡ್ರೋನ್ ಬೇಕಂತೆ. ಒಂದೊಂದಕ್ಕೂ ಚನ್ನಬಸಯ್ಯ ಹೂಂ ಅಂದ.

ಬೀಗರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಿಜ ಹೇಳಬೇಕೆಂದರೆ ಅರ್ಧ ಕುಣಿತ ಇವನದೇ. ತನ್ನ ನೆಲದ ಮೇಲೆ ಮಲಗಿ ಎದ್ದು ಹೋದವರನ್ನೆಲ್ಲ ಕರೆಯಬೇಕು, ಬಂದವರಿಗೆಲ್ಲ ಆಯೇರಿ ಮಾಡಬೇಕು ಎಂದು ಹಟ ಹಿಡಿದ. ಹೆಂಗಸರಿಗೆ ಸೀರೆ, ಗಂಡಸರಿಗೆ ಧೋತರ, ಟೊಪ್ಪಿಗೆ. ಆಯೇರಿಯ ಸೀರೆಯನ್ನು ಯಾರೂ ಉಡುವುದಿಲ್ಲ. ಟ್ರಂಕಿನಲ್ಲಿ ಮಲಗಿದ್ದು ಮುಂದಿನ ಮದುವೆಯಲ್ಲಿ ಇನ್ನೊಬ್ಬಳ ಉಡಿಗೆ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತು, ಕೊಡದಿದ್ದರೆ ಮೂಗು ಮುರಿಯುವವರೂ ಅವರೇ. ಮಾಧುರಿ ಒಂದು ದಿನ ಮೆಲ್ಲಗೆ, ಪಪ್ಪಾ, ರಜಿಸ್ಟರ್ ಮ್ಯಾರೇಜ್ ಭೀ ಚಲೇಗಾ, ಅಷ್ಟೇ ಸಾಕು ಎಂದಳು. ಅವನು ತಾಟು ಸರಿಸಿ ಎದ್ದುಬಿಟ್ಟ.

ಕೊನೆಗೆ ಖೋಲಿಯನ್ನೇ ಮಾರುವುದೆಂದು ಅವನು ನಿಶ್ಚಯಿಸಿದ. ಪರೇಲಿನಲ್ಲಿ ಜಾಗ ಅಂದರೆ ಕೊಳ್ಳುವವರು ಬಾಗಿಲಲ್ಲೇ ನಿಂತಿರುತ್ತಾರೆ. ಮದುವೆ ಮುಗಿದ ಮೇಲೆ ನಗರದ ಆ ತುದಿಯ ನಾಲಾಸೋಪಾರಾದಲ್ಲಿ ಬಾಡಿಗೆಗೆ ಇದ್ದರಾಯಿತು ಅಂದ. ಕಾಶವ್ವ ಆ ವರೆಗೆ ಯಾವುದಕ್ಕೂ ಅಡ್ಡ ಬಂದವಳಲ್ಲ. ಅವತ್ತು ಮಾತ್ರ ಒಲೆ ಆರಿಸಿ ಅವನೆದುರು ಬಂದು ಕೂತಳು. ಅವಳ ತಂಗಿ ಲಕ್ಷ್ಮವ್ವನಿಗೆ ಎದೆಯಲ್ಲಿ ಗಂಟಾಗಿ, ಆಪರೇಷನ್ ಆಗಿ, ಮೂರು ವಾರಕ್ಕೊಮ್ಮೆ ಕೀಮೋ ನಡೆದಿತ್ತು. ಊರಿಂದ ಬಂದಾಗೆಲ್ಲ ಇಳಿಯುತ್ತಿದ್ದದ್ದು ಈ ಖೋಲಿಯಲ್ಲೇ.

“ಖೋಲಿ ಮಾರಿದ್ರ ಲಕ್ಷ್ಮವ್ವ ಎಲ್ಲಿ ಇಳೀಬೇಕ್ರೀ?” ಎಂದಳು.

“ನಾವ್ ಇರತೀವಿ, ನಮ್ಮಲ್ಲೇ ಇಳೀತಾಳ. ಲೋಕಲ್ ಗಾಡಿ ಇಲ್ಲೇನು? ಇರೂದು ಒಬ್ಬಾಕಿ ಮಗಳು, ಕಾಶವ್ವ. ಮಂದಿ ಏನಂದಾರು?”

ಕಾಶವ್ವ ಎದ್ದು ಒಲೆ ಹೊತ್ತಿಸಿದಳು.

ಮದುವೆ ಭರ್ಜರಿಯಾಯಿತು. ಊರ ಕಡೆಯಿಂದ ಬಸ್ಸುಗಟ್ಟಲೆ ಜನ ಬಂದರು. ಚನ್ನಬಸಯ್ಯ ಜರಿಯ ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಒಳಗೆ ಕರೆದ. ಆ ಒಂದು ದಿನ ಅವನು ಸುಖವಾಗಿದ್ದ, ಇಲ್ಲವೆನ್ನಬಾರದು. ಲಕ್ಷ್ಮವ್ವ ಕೂದಲುದುರಿದ ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದು ಮೂಲೆಯ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಫೋಟೋ ತೆಗೆದದ್ದೇ ತೆಗೆದದ್ದು. ಇಂಡಿ ತಾಲೂಕಿನವನೊಬ್ಬ ಕೈ ಹಿಡಿದುಕೊಂಡು, ತಮ್ಮನಿಗೆ ಗಂಟಲಲ್ಲಿ ಏನೋ ಆಗಿದೆ, ಮಳೆಗಾಲ ಕಳೆದ ಮೇಲೆ ನಿಮ್ಮ ಖೋಲಿಗೇ ಕರೆದುಕೊಂಡು ಬರುತ್ತೇನೆ ಅಂದ. ಖೋಲಿ ಮಾರಿ ಮದುವೆ ಮಾಡಿದೆ ಎಂದು ಅಷ್ಟು ಜನರೆದುರು ಹೇಗೆ ಹೇಳುವುದು? ಅವಶ್ಯ ಬರ್ರಿ ಅಂದುಬಿಟ್ಟ.

ನಾಲಾಸೋಪಾರಾದ ಮನೆಗೆ ಲಕ್ಷ್ಮವ್ವ ಬಂದದ್ದು ಎರಡೇ ಸಲ. ಎರಡನೆಯ ಸಲ ಕೀಮೋ ಮುಗಿಸಿ ಸಂಜೆಯ ಲೋಕಲ್ ಹತ್ತಿದಳು. ಕೂರಲು ಜಾಗ ಸಿಗಲಿಲ್ಲ, ದಾದರ್ ದಾಟುವುದರೊಳಗೆ ವಾಂತಿಯಾಯಿತು. ಹೆಂಗಸರ ಡಬ್ಬಿಯಲ್ಲಿ ಒಬ್ಬಳು ನೀರು ಕೊಟ್ಟಳು, ಉಳಿದವರು ಬೈದರು. ಮನೆ ಮುಟ್ಟಿದವಳು ಅಕ್ಕನ ಮಡಿಲಲ್ಲಿ ತಲೆಯಿಟ್ಟು ಬೆಳಗಿನವರೆಗೆ ನರಳಿದಳು. ಊರಿಗೆ ಹೋದ ಮೇಲೆ ಅವಳ ಫೋನು ಬಂತು: ಸೊಲ್ಲಾಪುರದಲ್ಲೇ ಕೀಮೋ ಕೊಡುತ್ತಾರಂತೆ, ಇನ್ನು ಮುಂಬೈಗೆ ಬರುವುದು ಬೇಕಿಲ್ಲ. ಚನ್ನಬಸಯ್ಯನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಾಶವ್ವ ತಂಗಿಗೆಂದು ಹಾಸಿದ್ದ ಚಾಪೆ ಸುತ್ತಿಟ್ಟಳು.

ಮಳೆಗಾಲ ಮುಗಿಯಿತು. ಒಂದು ಬೆಳಿಗ್ಗೆ ಅವನು ಅಂಗಡಿಗೆ ಹೊರಟಿದ್ದಾಗ ಇಂಡಿಯವನ ಫೋನು. ತಮ್ಮನನ್ನು ಕರೆದುಕೊಂಡು ಖೋಲಿಯ ಮುಂದೆ ನಿಂತಿದ್ದೇವೆ, ಒಳಗಿರುವವರು ನೀವು ಯಾರು ಅನ್ನುತ್ತಿದ್ದಾರೆ ಅಂದ. ಅಲ್ಲೇ ಇರಿ, ಬಂದೆ ಎಂದು ಚನ್ನಬಸಯ್ಯ ಲೋಕಲ್ ಹತ್ತಿದ. ಪರೇಲಿನಲ್ಲಿ ಇಳಿದವನು ಬೇಗ ಹೋಗಲೆಂದು ಆಸ್ಪತ್ರೆಯ ಗೋಡೆಗುಂಟ ನಡೆದ. ಅಲ್ಲಿ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ದೂರದೂರದ ರೋಗಿಗಳು ಮಲಗಿರುತ್ತಾರೆ. ಅವರಾರೂ ನಮ್ಮ ಕಡೆಯವರಲ್ಲ, ನಮ್ಮವರಿಗೆ ನಾನಿದ್ದೇನೆ ಎಂದು ಇಷ್ಟು ವರ್ಷ ಅವನು ಅಲ್ಲಿ ತಲೆಯೆತ್ತಿ ನಡೆದಿದ್ದ.

ಆ ಸಾಲಿನಲ್ಲಿ ಲಕ್ಷ್ಮವ್ವ ಕೂತಿದ್ದಳು.

ಅವನನ್ನು ಕಂಡು ಅವಳೇ ತಪ್ಪು ಮಾಡಿದವಳ ಹಾಗೆ ಗಡಬಡಿಸಿ ಸೆರಗು ಹೊದ್ದುಕೊಂಡಳು. ಗಂಡ ಔಷಧಿ ತರಲು ಹೋಗಿದ್ದಾನೆ, ಈಗ ಬರುತ್ತಾನೆ ಅಂದಳು. ಗಂಟು ಅತ್ತ ಸರಿಸಿ ಚಾಪೆಯ ಮೇಲೆ ಜಾಗ ಮಾಡಿ ಕೂರಿಸಿದಳು. ಸೊಲ್ಲಾಪುರದ ಮಾತು ಬರೀ ಸುಳ್ಳು. ಮನೆಗೆ ನಡಿ ಅಂದರೆ ಮತ್ತೆ ಆ ಲೋಕಲ್‌ನಲ್ಲೇ ಅವಳು ಹೋಗಬೇಕು.

“ಅಕ್ಕಗ ಹೇಳಬ್ಯಾಡ್ರಿ, ಮಾವಾರ,” ಎಂದಳು. “ಸುಮ್ನ ಅಳತಾಳ.”

ಪಕ್ಕದ ಚಾಪೆಯ ಹೆಂಗಸು ಗಡಿಯಾಚೆಯ ಜತ್ತದ ಕಡೆಯವಳು. ಅಲ್ಲಿಯವರೆಗೆ ಅವನನ್ನೇ ನೋಡುತ್ತಿದ್ದವಳು, ದಿನಾ ಫೋನಿನಲ್ಲಿ ತೋರಿಸುತ್ತೀಯಲ್ಲ, ಆ ದೊಡ್ಡ ಮದುವೆ ಮಾಡಿದ ಮಾವ ಇವರೇ ಏನು ಎಂದು ಲಕ್ಷ್ಮವ್ವನನ್ನು ಕೇಳಿದಳು. ಲಕ್ಷ್ಮವ್ವ ಹೆಮ್ಮೆಯಿಂದ ಹೌದೆಂದಳು. ಆ ಹೆಂಗಸು ತಲೆಯ ಮೇಲೆ ಸೆರಗು ಎಳೆದುಕೊಂಡು ಅವನಿಗೆ ಕೈ ಮುಗಿದಳು.

“ಇಂಥಾ ದೊಡ್ಡ ಮಂದಿ ಇದ್ದು, ನೀ ಯಾಕ ಇಲ್ಲಿ ಮಲಗೀದಿ ಯವ್ವಾ?”

“ಅವರ ಮನಿ ದೂರ ಆಕ್ಕೈತಿ,” ಎಂದಳು ಲಕ್ಷ್ಮವ್ವ.

ಮನೆ ದೂರವಿರಲಿಲ್ಲ, ಆ ರಸ್ತೆ ದಾಟಿ ಎಡಕ್ಕೆ ತಿರುಗಿದರೆ ಇತ್ತು; ಅದರ ಬಾಗಿಲಲ್ಲಿ ಇಂಡಿಯವನು ತಮ್ಮನ ಜೊತೆ ಇನ್ನೂ ಚನ್ನಬಸಯ್ಯನ ದಾರಿ ಕಾಯುತ್ತಿದ್ದ.